ಕಬ್ಬಿನ ಗಾಡಿ, ಕಾಟಾ ಮತ್ತು ಕಂಪ್ಯೂಟರ್

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ರಸ್ತೆಗಳಲ್ಲಿ ಶಾಲಾ ಮಕ್ಕಳ ಸೈಕಲ್ಲಿಗೂ ಜಾಗ ಸಿಗುವುದು ಕಷ್ಟ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ನಡುನಡುವೆ ಎತ್ತಿನ ಗಾಡಿಗಳು, ಕಾರ್ಖಾನೆಯ ಬಾಗಿಲಲ್ಲಿ ಉದ್ದನೆಯ ಸರದಿ. ವಾಹನ ಕಾಟಾದ ಮೇಲೆ ನಿಲ್ಲಬೇಕು, ತೂಕ ಬರೆಯಬೇಕು, ಚೀಟಿ ಹರಿದು ಕೊಡಬೇಕು. ಎತ್ತಿನ ಗಾಡಿಗೂ ಒಂದು ಚೀಟಿ, ಟ್ರ್ಯಾಕ್ಟರಿಗೂ ಒಂದೇ ಚೀಟಿ. ಒಂದೊಂದು ಜಲ್ಲೆಯನ್ನೂ ಬೇರೆಬೇರೆಯಾಗಿ ತೂಗಿಯೇ ಒಳಗೆ ಬಿಡುತ್ತೇನೆಂದು ಕಾಟಾದವನು ಹಠ ಹಿಡಿದರೆ ಏನಾದೀತು? ಕಬ್ಬು ಹೊರಗೇ ಒಣಗಿ ಹೋದೀತು.

ಕಂಪ್ಯೂಟರಿಗೆ ರಾಶಿ ಮಾಹಿತಿಯನ್ನು ತುಂಬುವವರು ಎಷ್ಟೋ ಸಲ ಈ ಹಠವನ್ನೇ ಹಿಡಿದಿರುತ್ತಾರೆ. ಹಿಡಿದಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ. ಗ್ರಾಫ್ ಡೇಟಾಬೇಸ್ ಎಂಬ ಬಗೆಯ ದತ್ತಸಂಚಯದಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ.

ಇಲ್ಲಿ ‘ಗ್ರಾಫ್’ ಎಂದರೆ ಗಣಿತದ ತರಗತಿಯಲ್ಲಿ ಚೌಕುಳಿ ಹಾಳೆಯ ಮೇಲೆ ಎಳೆಯುವ ನಕ್ಷೆಯಲ್ಲ. ಕೆಲವು ಬಿಂದುಗಳು, ಅವುಗಳನ್ನು ಜೋಡಿಸುವ ಕೆಲವು ಗೆರೆಗಳು, ಅಷ್ಟೇ. 1736ರಲ್ಲಿ ಗಣಿತಜ್ಞ ಆಯ್ಲರ್ ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟನ್ನು ಬಿಡಿಸಿದ್ದು ಇದೇ ದೃಷ್ಟಿಯಿಂದ. ಅದನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ರೈತ ಒಂದು ಬಿಂದು, ಹೊಲ ಒಂದು ಬಿಂದು, ಸಹಕಾರಿ ಸಂಘ ಒಂದು, ಸಕ್ಕರೆ ಕಾರ್ಖಾನೆ ಒಂದು. ‘ಈ ಹೊಲ ಇವನದು’, ‘ಇವನು ಆ ಸಂಘದಲ್ಲಿ ಸಾಲ ಪಡೆದಿದ್ದಾನೆ’, ‘ಈ ಕಬ್ಬು ಆ ಕಾರ್ಖಾನೆಗೆ ಹೋಗುತ್ತದೆ’ ಎಂಬ ಮಾತುಗಳೆಲ್ಲ ಗೆರೆಗಳು. ಯಾರಿಗೆ ಯಾರು, ಯಾವುದಕ್ಕೆ ಯಾವುದು ಸಂಬಂಧ ಎಂದು ಹುಡುಕುವುದೇ ಮುಖ್ಯವಾದಾಗ ಈ ಪದ್ಧತಿ ಬಹಳ ಅನುಕೂಲ. 2016ರಲ್ಲಿ ಬಯಲಾದ ಪನಾಮಾ ದಾಖಲೆಗಳಲ್ಲಿ ಸುಮಾರು 1 ಕೋಟಿ 15 ಲಕ್ಷ ಕಡತಗಳಿದ್ದವು. ಅವುಗಳಲ್ಲಿನ ಕಂಪನಿ, ಮಾಲೀಕರ ನಂಟನ್ನು ಬಿಡಿಸಲು ಪತ್ರಕರ್ತರು ಬಳಸಿದ್ದು ನಿಯೋ ಫೋರ್ ಜೆ ಎಂಬ ಇಂಥ ದತ್ತಸಂಚಯವನ್ನೇ.

ಕರ್ನಾಟಕದವರಿಗೆ ರಾಶಿ ಮಾಹಿತಿ ತುಂಬುವ ಕೆಲಸ ಹೊಸದಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ 176 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಲಾಯಿತು. ಅದು ಗ್ರಾಫ್ ಅಲ್ಲ, ಸಾಲು-ಕಂಬಗಳ ಕೋಷ್ಟಕ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಅಂಥ ಮಾಹಿತಿಯನ್ನು ಕಾಲೇಜು ವಿದ್ಯಾರ್ಥಿಯೊಬ್ಬ ಅಭ್ಯಾಸಕ್ಕಾಗಿ ಗ್ರಾಫಿಗೆ ತುಂಬಲು ಹೊರಟನೆಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲೆಂದು 1 ಲಕ್ಷ ರೈತರು, 2 ಲಕ್ಷ ಹೊಲಗಳು, ಅವುಗಳ ನಡುವೆ 3 ಲಕ್ಷ ಗೆರೆಗಳು ಇರಲಿ. ಜಂಟಿ ಖಾತೆಗಳು ಹೆಚ್ಚಿರುವ ಕಡೆ ಹೊಲಗಳಿಗಿಂತ ಗೆರೆಗಳು ಜಾಸ್ತಿ ಇರುವುದು ಸಹಜವೇ.

ಬಿಂದುಗಳು ಬೇಗ ಒಳಗೆ ಹೋಗುತ್ತವೆ. ತೊಡಕು ಬರುವುದು ಗೆರೆ ಎಳೆಯುವಾಗ. ಒಂದು ಗೆರೆ ಎಳೆಯಬೇಕಾದರೆ ಅದರ ಎರಡೂ ತುದಿಯ ಬಿಂದುಗಳನ್ನು ಮೊದಲು ಹುಡುಕಬೇಕು. ಸೂಚಿ, ಅಂದರೆ ಇಂಡೆಕ್ಸ್ ಇಲ್ಲದಿದ್ದರೆ ಕಂಪ್ಯೂಟರ್ ಮೊದಲನೆಯ ರೈತನಿಂದ ಹಿಡಿದು ಒಬ್ಬೊಬ್ಬರನ್ನೇ ‘ನೀನೇನಾ? ನೀನೇನಾ?’ ಎಂದು ಕೇಳುತ್ತ ಹೋಗುತ್ತದೆ. ಸರಾಸರಿ 50 ಸಾವಿರ ಜನರನ್ನು ಕೇಳಿದ ಮೇಲೆ ಬೇಕಾದವನು ಸಿಗುತ್ತಾನೆ. 3 ಲಕ್ಷ ಗೆರೆಗಳಿಗೆ 1,500 ಕೋಟಿ ಪ್ರಶ್ನೆಗಳಾದವು. ಸೆಕೆಂಡಿಗೆ 10 ಲಕ್ಷ ಪ್ರಶ್ನೆ ಕೇಳಬಲ್ಲ ಯಂತ್ರವಾದರೂ ಇದಕ್ಕೆ ನಾಲ್ಕು ಗಂಟೆ ಹತ್ತು ನಿಮಿಷ ಬೇಕು. ಹೊಲಗಳ ತುದಿಗೆ ಇದರ ಎರಡರಷ್ಟು. ಒಟ್ಟು ಹನ್ನೆರಡೂವರೆ ಗಂಟೆ!

ಇನ್ನು ಹೆಸರುಗಳನ್ನು ಕ್ರಮವಾಗಿ ಜೋಡಿಸಿಟ್ಟರೆ? ನಿಘಂಟಿನಲ್ಲಿ ಪದ ಹುಡುಕುವಾಗ ಯಾರೂ ಮೊದಲ ಪುಟದಿಂದ ಓದುವುದಿಲ್ಲ. ನಡುವೆ ತೆರೆದು ಹಿಂದೆಯೋ ಮುಂದೆಯೋ ನೋಡುತ್ತಾರೆ. ಪ್ರತಿ ಸಲ ಅರ್ಧ ಭಾಗ ಬಿಟ್ಟುಹೋಗುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ ನೋಡಿ. 17 ಎರಡುಗಳ ಗುಣಲಬ್ಧ 1,31,072, ಲಕ್ಷವನ್ನು ದಾಟಿತು. ಆದ್ದರಿಂದ ಲಕ್ಷ ರೈತರಲ್ಲಿ ಒಬ್ಬನನ್ನು ಹಿಡಿಯಲು 17 ಪ್ರಶ್ನೆ, ಎರಡು ಲಕ್ಷ ಹೊಲಗಳಲ್ಲಿ ಒಂದನ್ನು ಹಿಡಿಯಲು 18 ಪ್ರಶ್ನೆ ಸಾಕು. ಎಲ್ಲ ಸೇರಿ 1 ಕೋಟಿ 5 ಲಕ್ಷ ಪ್ರಶ್ನೆಗಳು. ಹನ್ನೆರಡೂವರೆ ಗಂಟೆಯ ಹುಡುಕಾಟ ಹನ್ನೊಂದು ಸೆಕೆಂಡಿನೊಳಗೆ ಮುಗಿಯಿತು. ಬರೆಯುವ ಸಮಯ ಬೇರೆ ಇರುತ್ತದೆ, ನಿಜ. ಆದರೂ ಹೊಸ ಕಂಪ್ಯೂಟರ್ ಕೊಡಿಸಿರೆಂದು ಮಕ್ಕಳು ಮನೆಯಲ್ಲಿ ಗಂಟುಬಿದ್ದಾಗ ತಂದೆತಾಯಿಯರು ಈ ಲೆಕ್ಕವನ್ನು ಮೊದಲು ಮಾಡಿಸುವುದು ಒಳ್ಳೆಯದು.

ಎರಡನೆಯದು ಕಾಟಾದ ಚೀಟಿ. ದತ್ತಸಂಚಯವು ಪ್ರತಿ ಬರವಣಿಗೆಯನ್ನು ಒಂದು ವಹಿವಾಟೆಂದು ಎಣಿಸಿ, ಅದು ಡಿಸ್ಕಿನಲ್ಲಿ ಭದ್ರವಾಯಿತೆಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗುತ್ತದೆ. ಒಂದೊಂದು ಗೆರೆಗೂ ಒಂದೊಂದು ವಹಿವಾಟೆಂದರೆ ಜಲ್ಲೆಗೊಂದು ಚೀಟಿ ಹರಿದಂತೆ. ಹತ್ತು ಸಾವಿರ ಗೆರೆಗಳನ್ನು ಒಂದು ಕಂತಾಗಿ ಕಟ್ಟಿ ಕಳಿಸಿದರೆ ಚೀಟಿಯೂ ಒಂದೇ. ಹಾಗೆಂದು ಮೂರು ಲಕ್ಷವನ್ನೂ ಒಂದೇ ಕಂತಿನಲ್ಲಿ ಹೇರಿದರೆ ವಹಿವಾಟು ಮುಗಿಯುವವರೆಗೆ ಅಷ್ಟನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕಾದ ಯಂತ್ರ ಉಸಿರುಗಟ್ಟಿ ನಿಲ್ಲಬಹುದು. ಮಿತಿಮೀರಿ ಹೇರಿದ ಟ್ರೇಲರ್ ಪಲ್ಟಿಯಾಗುವುದನ್ನು ಈ ಭಾಗದ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಹತ್ತಾರು ಕೆಲಸಗಾರರನ್ನು ಒಟ್ಟಿಗೆ ಹಚ್ಚಿದರೆ ಇನ್ನೂ ಬೇಗವಾಗದೇ? ಆಗಬಹುದು, ಆಗದೆಯೂ ಇರಬಹುದು. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯಂಥ ಒಂದು ಬಿಂದುವಿಗೆ ಸಾವಿರಾರು ರೈತರ ಗೆರೆಗಳು ಬಂದು ಸೇರುತ್ತವೆ. ಗೆರೆ ಎಳೆಯುವಾಗ ಸಾಮಾನ್ಯವಾಗಿ ತುದಿಯ ಬಿಂದುವಿಗೆ ಬೀಗ ಹಾಕಲಾಗುತ್ತದೆ. ಒಬ್ಬ ಬೀಗ ಹಾಕಿ ಬರೆಯುತ್ತಿರುವಾಗ ಉಳಿದ ಒಂಬತ್ತು ಜನ ಕಾಟಾದ ಸರದಿಯಲ್ಲಿ ನಿಂತಿರುತ್ತಾರೆ. ಇಂಥ ದೊಡ್ಡ ಬಿಂದುವಿನ ಗೆರೆಗಳನ್ನೆಲ್ಲ ಒಬ್ಬನಿಗೇ ಒಪ್ಪಿಸಿ, ಉಳಿದವರಿಗೆ ಬೇರೆಬೇರೆ ಹಳ್ಳಿಗಳನ್ನು ಹಂಚುವುದೇ ಜಾಣತನ.

ದತ್ತಸಂಚಯ ಇನ್ನೂ ಖಾಲಿಯಿದ್ದರೆ ಇದಕ್ಕಿಂತ ವೇಗದ ದಾರಿಯೂ ಇದೆ. ಅದನ್ನು ಚಾಲೂ ಮಾಡದೆಯೇ, ವಹಿವಾಟು, ಬೀಗಗಳ ಗೊಡವೆಯಿಲ್ಲದೆ ನೇರವಾಗಿ ಕಡತಗಳನ್ನು ಕಟ್ಟಿಬಿಡುವ ಸಾಧನವನ್ನು ನಿಯೋ ಫೋರ್ ಜೆಯೇ ಒದಗಿಸುತ್ತದೆ. ನಡುವೆ ಕೆಟ್ಟರೆ ಮತ್ತೆ ಮೊದಲಿನಿಂದ ಆರಂಭ.

ನಡುವೆ ಕೆಡುವ ಪ್ರಶ್ನೆ ಸಣ್ಣದಲ್ಲ. ವಿದ್ಯಾರ್ಥಿ ಕಂತು ಕಂತಾಗಿ ಅರ್ಧ ತುಂಬಿಸಿದಾಗ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದ. ‘ಕ್ರಿಯೇಟ್’ ಎಂಬ ಆದೇಶ ಹಿಂದುಮುಂದು ನೋಡದೆ ಬರೆಯುತ್ತದೆ. ಅದರ ವೇಗದ ಗುಟ್ಟೂ ಅದೇ. ಈಗ ಅರ್ಧ ಹೊಲಗಳಿಗೆ ಎರಡೆರಡು ಗೆರೆ. ‘ಮರ್ಜ್’ ಎಂಬ ಆದೇಶ ಮೊದಲೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಬರೆಯುತ್ತದೆ. ತುಸು ನಿಧಾನ, ಆದರೆ ಸೂಚಿ ಇದ್ದರೆ ಅಷ್ಟೇನೂ ನಿಧಾನವಲ್ಲ. ಇಲ್ಲಿ ನಾಲ್ಕು ನಿಮಿಷ ಉಳಿಸುವ ಆಸೆಗೆ ಬೀಳಬಾರದು.

‘ಮೊದಲೇ ಇದೆಯೇ’ ಎಂದು ನೋಡುವುದಾದರೂ ಯಾವುದರ ಮೇಲೆ? ಹೆಸರಿನ ಮೇಲೆಂದರೆ ಆಪತ್ತು. ಗಡಿಭಾಗದಲ್ಲಿ ಒಂದೇ ಮನೆತನದವರನ್ನು ಚೌಗುಲೆ ಎಂದೂ ಚೌಗಲಾ ಎಂದೂ ಬರೆಯುತ್ತಾರೆ, ಒಬ್ಬ ಇಬ್ಬರಾಗುತ್ತಾನೆ. ಒಂದೇ ಹೆಸರಿನ ಪಾಟೀಲರು ಊರಿಗೆ ನಾಲ್ವರಿದ್ದರೆ ನಾಲ್ವರೂ ಒಬ್ಬರಾಗಿಬಿಡುತ್ತಾರೆ. ಸರ್ವೆ ನಂಬರೂ ಸಾಲದು, ಏಕೆಂದರೆ ಅದೇ ನಂಬರು ಪಕ್ಕದ ಊರಿನಲ್ಲೂ ಇರುತ್ತದೆ. ಊರಿನ ಹೆಸರನ್ನು ಬರೀ ‘ಉಗಾರ’ ಎಂದು ಬರೆದರೆ ಅದು ಉಗಾರ ಖುರ್ದವೋ ಉಗಾರ ಬುದ್ರುಕವೋ ತಿಳಿಯದು. ತಾಲ್ಲೂಕಿನ ಹೆಸರನ್ನು ನೆಚ್ಚುವಂತಿಲ್ಲ; ನಿಪ್ಪಾಣಿ ಚಿಕ್ಕೋಡಿಯಿಂದಲೂ ಕಾಗವಾಡ ಅಥಣಿಯಿಂದಲೂ ಬೇರೆಯಾದದ್ದು 2018ರಲ್ಲಿ. ಹಳೆಯ ಕಾಗದ ಒಂದನ್ನು ಹೇಳಿದರೆ ಹೊಸದು ಇನ್ನೊಂದನ್ನು ಹೇಳುತ್ತದೆ. ರಾಜ್ಯದ ‘ಫ್ರೂಟ್ಸ್’ ವ್ಯವಸ್ಥೆಯಲ್ಲಿ ರೈತನಿಗೆ ಎಫ್‌ಐಡಿ ಎಂಬ ಪ್ರತ್ಯೇಕ ಸಂಖ್ಯೆ ಕೊಡುವುದರ ಹಿಂದೆ ಈ ತಿಳಿವಳಿಕೆಯೇ ಇದೆ. ಒಂದು ಸಂಖ್ಯೆಗೆ ಒಬ್ಬನೇ ಎಂಬ ನಿರ್ಬಂಧವನ್ನು ತುಂಬುವ ಮೊದಲೇ ದತ್ತಸಂಚಯಕ್ಕೆ ಹೇಳಿಟ್ಟರೆ ಸೂಚಿಯೂ ಸಿಗುತ್ತದೆ, ಕಾವಲೂ ಆಗುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣಾ ನದಿ ಉಕ್ಕಿ ಈ ತಾಲ್ಲೂಕುಗಳ ದಂಡೆಯ ಹೊಲಗಳೆಲ್ಲ ನೀರಿನಲ್ಲಿ ನಿಂತಿದ್ದವು. ಅಂಥ ಹೊತ್ತಿನಲ್ಲಿ ಪರಿಹಾರ ಕೊಡಬೇಕಾದವರು ಕೇಳುವ ಮೊದಲ ಪ್ರಶ್ನೆ, ಈ ಹೊಲ ಯಾರದು? ಒಂದು ಗೆರೆ ತಪ್ಪು ಬಿಂದುವಿಗೆ ಸೇರಿದ್ದರೆ ನೀರು ನುಗ್ಗಿದ್ದು ಒಬ್ಬನ ಬೆಳೆಗೆ, ಹಣ ಹೋಗುವುದು ಇನ್ನೊಬ್ಬನ ಖಾತೆಗೆ.

ಆದ್ದರಿಂದ ತುಂಬಿದ ಮೇಲೆ ತಾಳೆ ನೋಡುವ ಕೆಲಸ ಬಾಕಿ ಇರುತ್ತದೆ. ಕಡತದ ಸಾಲುಗಳೆಷ್ಟು, ಒಳಗೆ ಬಂದ ಗೆರೆಗಳೆಷ್ಟು? ಒಂದೂ ಗೆರೆಯಿಲ್ಲದೆ ಒಂಟಿಯಾಗಿ ಉಳಿದ ಹೊಲಗಳಿವೆಯೇ? ಬಳಿಕ ಉಗಾರ ಖುರ್ದದ ಒಂದು ಸರ್ವೆ ನಂಬರನ್ನೂ ಉಗಾರ ಬುದ್ರುಕದ ಅದೇ ನಂಬರನ್ನೂ ಕೇಳಬೇಕು. ಪರದೆಯ ಮೇಲೆ ಎರಡು ಬಿಂದುಗಳು ಬಂದರೆ ಸರಿ. ಒಂದೇ ಬಂದರೆ ಎಲ್ಲವನ್ನೂ ಅಳಿಸಿ ಮತ್ತೆ ತುಂಬಬೇಕು.