ಹಲಗೆಯ ಮೇಲಣ ಕೊಟ್ಟೂರು

ದೊಡ್ಡದಾದುದನ್ನು ಚಿಕ್ಕದು ಮಾಡಿ ಕಣ್ಣೆದುರಿನಲ್ಲಿಟ್ಟುಕೊಳ್ಳಬೇಕೆಂಬ ಆಸೆಯು ಮನುಷ್ಯನಿಗೆ ಸಹಜವಾದುದು. ಗರ್ಭಗುಡಿಯ ಮೂಲವಿಗ್ರಹವು ಕದಲದು. ಬೀದಿಗೆ ಬಂದು ಭಕ್ತರಿಗೆ ದರ್ಶನವೀಯುವುದು ಉತ್ಸವಮೂರ್ತಿಯೇ. ನಮ್ಮ ಶಿಲ್ಪಶಾಸ್ತ್ರಗಳು ಮುಖದ ಉದ್ದವನ್ನು ಒಂದು ತಾಲವೆಂದಿಟ್ಟು ಇಡೀ ಪ್ರತಿಮೆಯನ್ನು ಆ ಮಾನದಿಂದಲೇ ಅಳೆಯುವುವು. ಶುಲ್ಬಸೂತ್ರಗಳಾದರೋ ಯಜ್ಞವೇದಿಯ ಆಕಾರವನ್ನು ಕೆಡಿಸದೆ ವಿಸ್ತಾರವನ್ನು ಮಾತ್ರ ಹೆಚ್ಚಿಸುವ ಬಗೆಯನ್ನು ಹಗ್ಗವೊಂದರಿಂದ ತೋರಿಸುವುವು. ಆಕಾರವು ನಿಲ್ಲಬೇಕು, ಅಳತೆಯು ಮಾತ್ರ ಬದಲಾಗಬೇಕು: ಇದು ಕೇಳುವುದಕ್ಕೆ ಸುಲಭ. ಮಾಡುವಾಗಿನ ಕಷ್ಟವನ್ನು ನಾವು ಕಳೆದ ಬೇಸಗೆಯಲ್ಲಿ, ಆಟದ ರೈಲೊಂದರ ನೆಪದಿಂದ, ಅರಿತುಕೊಂಡೆವು. ಮೇಷ್ಟರಿಗೆ ಮುಪ್ಪಿನಲ್ಲಿ ಮಕ್ಕಳಾಟವೇ ಎಂದು ವಾಚಕರು ನಗದೆ ಕೊನೆಯವರೆಗೆ ಓದಬೇಕಾಗಿ ಪ್ರಾರ್ಥನೆ.

ಹೊಸಪೇಟೆಯಿಂದ ಕೊಟ್ಟೂರಿಗೆ ೧೯೦೫ರಲ್ಲಿ ಮೀಟರ್ ಗೇಜಿನ ಕವಲುಮಾರ್ಗವು ತೆರೆಯಿತು. ಸುಮಾರು ೭೦ ಕಿಲೋಮೀಟರುಗಳ ದಾರಿ. ಗುಂಡಾ ರೋಡ್, ಮರಿಯಮ್ಮನಹಳ್ಳಿ, ಹಂಪಾಪಟ್ಟಣ, ಹಗರಿಬೊಮ್ಮನಹಳ್ಳಿ, ಮಾಲವಿಗಳನ್ನು ದಾಟಿ ಗಾಡಿಯು ನಮ್ಮೂರಿಗೆ ಬರುತ್ತಿದ್ದಿತು. ಅಲ್ಲಿಂದ ಮುಂದೆ ಹಳಿಯಿಲ್ಲ. ನಮ್ಮ ಬಾಲ್ಯದಲ್ಲಿ ಆ ಗಾಡಿಯನ್ನು ನೋಡುವುದಕ್ಕಿಂತ ಅದರ ಎಂಜಿನ್ನು ಮಾಡುತ್ತಿದ್ದ ಕೆಲಸವನ್ನು ನೋಡುವುದೇ ನಮಗೆ ಹೆಚ್ಚಿನ ಸಂಭ್ರಮ. ಅದು ಡಬ್ಬಿಗಳನ್ನು ಬಿಟ್ಟು, ತಾನೊಂದೇ ಮುಂದಕ್ಕೆ ಸರಿದು, ಪಕ್ಕದ ಹಳಿಯ ಮೇಲೆ ಹಿಂದಿರುಗಿ, ಗಾಡಿಯ ಇನ್ನೊಂದು ತುದಿಗೆ ಬಂದು ಕೂಡಿಕೊಳ್ಳುತ್ತಿದ್ದಿತು. ಬಂದ ಗಾಡಿಯು ಹೋಗುವ ಗಾಡಿಯಾಗುವ ಆ ಕ್ಷಣವನ್ನು ನಾವು ಮರೆತಿಲ್ಲ. ಮುಂದೆ ಆ ಹಳಿಯನ್ನು ಕಿತ್ತು ಬ್ರಾಡ್ ಗೇಜಿಗೆ ಅಗಲಿಸಿದರು. ಬಹುವರ್ಷಗಳ ಕಾಲ ಪ್ರಯಾಣಿಕರ ಗಾಡಿಯಿಲ್ಲದೆ ಊರು ಬಿಕೋ ಎನ್ನುತ್ತಿದ್ದಿತು. ಅನಂತರ ಹಳಿಯು ಹರಪನಹಳ್ಳಿಯ ಮಾರ್ಗವಾಗಿ ಹರಿಹರದವರೆಗೆ ಬೆಳೆಯಿತು. ೨೦೧೯ರಲ್ಲಿ ಹೊಸಪೇಟೆಯಿಂದ ಹರಿಹರಕ್ಕೆ ಪ್ರಯಾಣಿಕರ ಗಾಡಿಯು ಹೊರಟಿತು.

ಬೇಸಗೆಯ ರಜಕ್ಕೆ ಬೆಂಗಳೂರಿನಿಂದ ಬಂದ ನಮ್ಮ ಮೊಮ್ಮಗನು, ಒಂಬತ್ತು ವರ್ಷದವನು, “ಅಜ್ಜಾ, ಮನೇಲಿ ಓಡೋ ರೈಲು ಮಾಡೋಣ” ಎಂದನು. ನಾವು ಒಡನೆಯೇ ಒಪ್ಪಿದೆವು. ಮನೆಯ ಹಿಂಬದಿಯ ಕೊಠಡಿಯು ೯ ಅಡಿ ಉದ್ದ, ೭ ಅಡಿ ಅಗಲ. ಅದರಲ್ಲಿ ಅರ್ಧವು ಜೋಳದ ಚೀಲಗಳದ್ದು. ಉಳಿದುದರಲ್ಲಿ ೬ ಅಡಿಗೆ ೩ ಅಡಿಯ ಪ್ಲೈವುಡ್ ಹಲಗೆಯನ್ನಿರಿಸಿ, ಹೊಸಪೇಟೆಯಿಂದ ಕೊಟ್ಟೂರಿನವರೆಗಿನ ಎಲ್ಲ ಸ್ಟೇಷನ್ನುಗಳನ್ನೂ ಅದರ ಮೇಲೆ ಗುರುತಿಸಿದೆವು. ಲೆಕ್ಕವನ್ನು ಮೊದಲು ಮಾಡಬೇಕಾಗಿದ್ದಿತು. ನಲವತ್ತು ಮಕ್ಕಳಿಗೆ ಲೆಕ್ಕವನ್ನು ಕಲಿಸಿದ ನಾವು ಅದನ್ನು ಕೊನೆಗೆ ಮಾಡಿದೆವು. ಹವ್ಯಾಸಿಗಳಲ್ಲಿ ಬಹುಪ್ರಚಾರದಲ್ಲಿರುವ ‘ಎಚ್.ಓ.’ ಎಂಬ ಮಾನದಲ್ಲಿ ಎಲ್ಲವೂ ೮೭ರಲ್ಲಿ ಒಂದು ಪಾಲು. ೭೦ ಕಿಲೋಮೀಟರುಗಳನ್ನು ೮೭ರಿಂದ ಭಾಗಿಸಿದರೆ ಬರುವುದು ಸುಮಾರು ೮೦೦ ಮೀಟರು! ಇನ್ನೂ ಚಿಕ್ಕದಾದ ‘ಎನ್’ ಎಂಬ ಮಾನದಲ್ಲಿ, ಎಂದರೆ ೧೬೦ರಲ್ಲಿ ಒಂದು ಪಾಲಾಗಿ ಮಾಡಿದರೂ, ಸುಮಾರು ೪೩೭ ಮೀಟರು.

ಫಲವು ಆಗಬೇಕಾದಂತೆಯೇ ಆಯಿತು. ಎಚ್.ಓ. ಗಾಡಿಯು ಸುಖವಾಗಿ ತಿರುಗಬೇಕಾದರೆ ತಿರುವಿನ ತ್ರಿಜ್ಯವು ಹೆಚ್ಚುಕಡಮೆ ೧೮ ಅಂಗುಲಗಳಿರಬೇಕು. ಅಂಚಿನ ಎಡೆಯನ್ನೂ ಸೇರಿಸಿದರೆ ಹಲಗೆಯ ಅಗಲವು ೪ ಅಡಿಗಳಿಗೆ ಸಮೀಪಿಸುವುದು. ನಮ್ಮ ಹಲಗೆಯಾದರೋ ೩ ಅಡಿ. ಬಾಗುವ ಹಳಿಯನ್ನು ತಂದು ಬಲಾತ್ಕಾರದಿಂದ ೧೨ ಅಂಗುಲಕ್ಕೆ ಬಗ್ಗಿಸಿದೆವು. ಗಾಡಿಯು ಪ್ರತಿಯೊಂದು ತಿರುವಿನಲ್ಲಿಯೂ ಹಳಿ ತಪ್ಪಿತು. ಪೆನ್‌ಷನ್ನಿನ ಹಣ ಹೋದುದು ಒಂದು ಕಡೆ. ನಾಲ್ಕನೆಯ ದಿನ ಹುಡುಗನು ಒಂದು ಮಾತನ್ನೂ ಆಡದೆ ಎದ್ದುಹೋಗಿ, ಜಗಲಿಯ ಮೇಲೆ ಮೊಬೈಲನ್ನು ಹಿಡಿದು ಕುಳಿತನು. ಅವನು ಅತ್ತಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಂದು ರಾತ್ರಿ ನಮ್ಮ ಮನೆಯವರು ಜೋಳವನ್ನು ಹಸನುಮಾಡುತ್ತ, “ಇಡೀ ಜಿಲ್ಲಾನ ಒಂದು ಹಲಗಿ ಮ್ಯಾಲೆ ಯಾಕ ತುರುಕ್ತೀರಿ? ನಿಮಗ ಬೇಕಾಗಿದ್ದು ಕೊಟ್ಟೂರು ಒಂದಲ್ಲೇನ್ರಿ? ಅದನ್ನ ಮಾಡ್ರಿ. ನನ್ನ ಚೀಲಾನೂ ಉಳೀತಾವ” ಎಂದರು. ಕಿರಿದಾದ ಸ್ಥಳದಲ್ಲಿ ರೈಲುಮಾರ್ಗವನ್ನು ರಚಿಸುವ ಶಾಸ್ತ್ರದ ಸಾರವೆಲ್ಲವೂ ಈ ಮಾತಿನಲ್ಲಿ ಅಡಗಿದೆಯೆಂದು ನಮಗೆ ಆಮೇಲೆ ತಿಳಿಯಿತು. ದಾರಿಯನ್ನು ಕುಗ್ಗಿಸಬಾರದು, ದಾರಿಯ ಒಂದು ತಾಣವನ್ನು ಆರಿಸಿಕೊಳ್ಳಬೇಕು. ಗಾಡಿಯು ಎಷ್ಟು ದೂರ ಓಡಿತೆಂಬುದರಿಂದ ಆಟವು ನಿಲ್ಲುವುದಿಲ್ಲ, ಅದಕ್ಕೆ ಏನು ಕೆಲಸವಿದೆಯೆಂಬುದರಿಂದ ನಿಲ್ಲುವುದು.

ಎರಡನೆಯ ಸಲ ನಾವು ‘ಎನ್’ ಮಾನವನ್ನು ಹಿಡಿದೆವು. ಅದರ ಹಳಿಯ ಅಗಲ ೯ ಮಿಲಿಮೀಟರು. ಇಲ್ಲಿ ಅಜ್ಜನಿಗೂ ಮೊಮ್ಮಗನಿಗೂ ವ್ಯಾಜ್ಯವು ಹುಟ್ಟಿತು. ನಮಗೆ ಮೀಟರ್ ಗೇಜು ಬೇಕು. ಅವನು ಕಂಡದ್ದು ಬ್ರಾಡ್ ಗೇಜು. ನ್ಯಾಯವನ್ನು ಲೆಕ್ಕವೇ ಹೇಳಿತು. ೧೬೦ರ ಮಾನದಲ್ಲಿ ಮೀಟರ್ ಗೇಜು ೬.೨೫ ಮಿಲಿಮೀಟರಾಗಬೇಕು, ೧೬೭೬ ಮಿಲಿಮೀಟರಿನ ನಮ್ಮ ಬ್ರಾಡ್ ಗೇಜು ಸುಮಾರು ೧೦.೫ ಆಗಬೇಕು. ಅಂಗಡಿಯಲ್ಲಿ ದೊರೆಯುವ ೯ ಮಿಲಿಮೀಟರಿನ ಹಳಿಯು ವಿದೇಶಗಳ ೧೪೩೫ ಮಿಲಿಮೀಟರಿನ ಮಾರ್ಗಕ್ಕೆ ಸರಿಯಾದುದೇ ಹೊರತು ನಮ್ಮ ಎರಡಕ್ಕೂ ಸಲ್ಲದು. ಇಬ್ಬರೂ ಸೋತೆವು, ಆದುದರಿಂದ ಇಬ್ಬರೂ ಒಪ್ಪಿದೆವು.

ಹಲಗೆಯನ್ನು ೧೨೦ ಸೆಂಟಿಮೀಟರು ಉದ್ದ, ೩೦ ಸೆಂಟಿಮೀಟರು ಅಗಲವಾಗಿ ಕುಯ್ಯಿಸಿ, ಜೋಳದ ಚೀಲಗಳ ಮೇಲುಗಡೆ ಗೋಡೆಗೆ ಗೂಟಗಳನ್ನು ಬಡಿದು ಇರಿಸಿದೆವು. ಆಟಕ್ಕೆ ಇಂಗ್ಲೆಂಡಿನ ಆಲನ್ ರೈಟ್ ಎಂಬ ಹವ್ಯಾಸಿಯು ರೂಪಿಸಿದ ‘ಇಂಗಲ್‌ನುಕ್’ ಎಂಬ ವಿನ್ಯಾಸವನ್ನು ಆಶ್ರಯಿಸಿದೆವು. ಅದಕ್ಕೆ ಬೇಕಾದುವು ಎರಡೇ ಪಾಯಿಂಟುಗಳು, ಮೂರು ಸೈಡಿಂಗುಗಳು. ಒಂದು ಸೈಡಿಂಗಿನಲ್ಲಿ ಐದು ವ್ಯಾಗನ್ನುಗಳಿಗೆ ಎಡೆ. ಉಳಿದೆರಡರಲ್ಲಿ ಮೂರು ಮೂರು. ಎದುರುಗಡೆಯ ಒಂಟಿಹಳಿಯಲ್ಲಿ ಎಂಜಿನ್ನಿಗೂ ಮೂರು ವ್ಯಾಗನ್ನುಗಳಿಗೂ ಮಾತ್ರ. ಒಟ್ಟು ಎಂಟು ವ್ಯಾಗನ್ನುಗಳು. ಚೀಟಿ ಎತ್ತಿ ಐದನ್ನು ಆರಿಸಿ, ಬಂದ ಕ್ರಮದಲ್ಲಿಯೇ ಗಾಡಿಯಾಗಿ ಜೋಡಿಸಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ನಿಲ್ಲಿಸುವ ಬಗೆಗಳು ೮ × ೭ × ೬ × ೫ × ೪, ಎಂದರೆ ೬,೭೨೦. ದಿನಕ್ಕೊಂದರಂತೆ ಆಡಿದರೆ ಹದಿನೆಂಟು ವರ್ಷಗಳಿಗೆ ಸಾಲುವುದು. ಹುಡುಗನು ಮೊಬೈಲನ್ನು ಮರೆತನು.

ಹಡಗಲಿಯಿಂದ ಬಂದ ನೆಂಟರ ಹುಡುಗಿಯೊಬ್ಬಳು, “ನಮ್ಮೂರಿಗೆ ಹಳಿ ಇಲ್ಲೇನು?” ಎಂದು ಕೇಳಿದಳು. ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ರೈಲಿಲ್ಲವೆಂಬುದು ನಿಜ. ಆದರೆ ಹಲಗೆಯ ಮೇಲಣ ರೈಲಿಗೆ ದೆಹಲಿಯ ಮಂಜೂರಾತಿ ಬೇಕಿಲ್ಲ. ಮೂರನೆಯ ಸೈಡಿಂಗಿಗೆ ‘ಹಡಗಲಿ’ ಎಂಬ ಫಲಕವನ್ನು ನೆಟ್ಟು, ಒಂದು ವ್ಯಾಗನ್ನಿನ ತುಂಬ ಮಲ್ಲಿಗೆಯ ಮೊಗ್ಗುಗಳನ್ನು ಹೇರಿ ಕಳುಹಿಸಿದರು.

ನಮ್ಮ ಮನಸ್ಸಿನಲ್ಲಿ ಮಾತ್ರ ಒಂದು ಕೊರತೆಯು ಉಳಿದಿದ್ದಿತು. ಎಂಜಿನ್ನು ಸುತ್ತಿಬರುವ ಹಳಿಗೆ ಈ ಹಲಗೆಯಲ್ಲಿ ಎಡೆಯಿಲ್ಲ. ಯಾವುದಕ್ಕಾಗಿ ಈ ಆಟವನ್ನು ಹೂಡಿದೆವೋ ಅದೇ ಇಲ್ಲ. ಹುಡುಗನ ಹೆಸರಿನಲ್ಲಿ ನಾವು ಕಟ್ಟುತ್ತಿದ್ದುದು ನಮ್ಮ ಬಾಲ್ಯವನ್ನೆಂಬುದು ಆಗ ಸ್ಪಷ್ಟವಾಗಿ, ನಾಚಿಕೆಯಿಂದ ಸುಮ್ಮನಾದೆವು.

ಒಂದು ಸಂಜೆ ಹುಡುಗನು ಹಳಿಯ ತುದಿಯ ತಡೆಗಟ್ಟೆಯನ್ನು ಮುಟ್ಟಿ, “ಅಜ್ಜಾ, ಇಲ್ಲಿಗೇ ಯಾಕೆ ಮುಗೀತು? ಈಗ ರೈಲು ಹರಪನಹಳ್ಳಿಗೆ ಹೋಗುತ್ತಲ್ಲ?” ಎಂದನು. ನಾವು, “ನಮ್ಮ ಕಾಲದಲ್ಲಿ ಇಲ್ಲಿಗೇ ಮುಗಿಯುತ್ತಿದ್ದಿತು” ಎಂದೆವು. “ನಾನು ಅದರಲ್ಲೇ ಹೋಗಿ ಬಂದಿದೀನಿ” ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ೬೦ ಸೆಂಟಿಮೀಟರಿನ ತುಂಡುಹಲಗೆಯೊಂದನ್ನು ಬೋಲ್ಟುಗಳಿಂದ ಆ ತುದಿಗೆ ಕೂಡಿಸಿದೆವು. ಆಟ ಮುಗಿದಮೇಲೆ ಬಿಚ್ಚಿ ಚೀಲಗಳ ಹಿಂದೆ ಇಡಬಹುದು. ಎರಡು ಸೈಡಿಂಗುಗಳ ತಡೆಗಟ್ಟೆಗಳನ್ನು ತೆಗೆದು, ಹಳಿಗಳನ್ನು ಹೊಸ ಹಲಗೆಯವರೆಗೆ ಬೆಳೆಸಿ, ಅಲ್ಲಿ ಮೂರನೆಯ ಪಾಯಿಂಟಿನಲ್ಲಿ ಒಂದುಗೂಡಿಸಿ, ಮುಂದಿನ ಒಂಟಿಹಳಿಗೆ ‘ಹರಪನಹಳ್ಳಿ’ ಎಂದು ಹೆಸರಿಟ್ಟೆವು. ಹಾಗೆ ಕೂಡಿಸಿದಮೇಲೆ ನೋಡಿದೆವು: ಎರಡು ಹಳಿಗಳೂ ಎರಡು ತುದಿಗಳಲ್ಲಿಯೂ ಸೇರಿದ್ದುವು. ಎಂಜಿನ್ನು ಡಬ್ಬಿಗಳನ್ನು ಬಿಟ್ಟು, ಹರಪನಹಳ್ಳಿಯ ಕಡೆಗೆ ಸರಿದು, ಪಕ್ಕದ ಹಳಿಯ ಮೇಲೆ ಹಿಂದಿರುಗಿ, ಹೊಸಪೇಟೆಯ ತುದಿಗೆ ಬಂದು ಕೂಡಿಕೊಂಡಿತು. ಹುಡುಗನಿಗೆ ಅದು ಮುಂದಿನ ಊರಿನ ದಾರಿ. ನಮಗೆ ಐವತ್ತು ವರ್ಷಗಳ ಹಿಂದಣ ಸಂಜೆ.

ಈ ಕಾರ್ಯಕ್ಕೆ ಕೈಹಾಕುವ ಗೃಹಸ್ಥರಿಗೆ ಕೆಲವು ಮಾತುಗಳು. ಮೊದಲು ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ, ನಿಜವಾದ ಅಳತೆಯಲ್ಲಿಯೇ ನಕ್ಷೆಯನ್ನು ಬರೆದು, ವ್ಯಾಗನ್ನುಗಳನ್ನು ಅದರ ಮೇಲೆ ಇಟ್ಟು ನೋಡತಕ್ಕುದು. ಪಾಯಿಂಟುಗಳನ್ನು ಅವು ಇರುವುದಕ್ಕಿಂತ ಗಿಡ್ಡವಾಗಿ ಬರೆಯುವುದೇ ಎಲ್ಲರೂ ಮಾಡುವ ತಪ್ಪು. ಕೈ ನಿಲುಕುವಷ್ಟೇ, ಎಂದರೆ ೭೫ ಸೆಂಟಿಮೀಟರಿಗೆ ಮೀರದಂತೆ, ಹಲಗೆಯ ಅಗಲವಿರಲಿ. ಸೇತುವೆಯ ಆಸೆಯನ್ನು ಬಿಡುವುದು ಲೇಸು: ನೂರಕ್ಕೆ ಎರಡರಂತೆ ಏರಿದರೆ ೫ ಸೆಂಟಿಮೀಟರು ಎತ್ತರಕ್ಕೆ ಎರಡೂವರೆ ಮೀಟರು ಹಳಿ ಬೇಕಾಗುವುದು. ನಮ್ಮ ಸೀಮೆಯ ಧೂಳು ಹಳಿಯ ಮೇಲೆ ಕುಳಿತರೆ ವಿದ್ಯುತ್ತು ಚಕ್ರವನ್ನು ಸೇರದು. ಆಟಕ್ಕೆ ಮುಂಚೆ ಒಮ್ಮೆ ಬಟ್ಟೆಯಿಂದ ಒರೆಸತಕ್ಕುದು. ಎಲ್ಲಕ್ಕಿಂತ ಮಿಗಿಲಾಗಿ, ನಕ್ಷೆಯನ್ನು ಬರೆಯುವಾಗ ಸೀಸದ ಕಡ್ಡಿಯನ್ನು ಒಂದು ಸಲವಾದರೂ ಮಗುವಿನ ಕೈಗೆ ಕೊಡಬೇಕು.

ರಜವು ಮುಗಿದು ಹುಡುಗನು ಬೆಂಗಳೂರಿಗೆ ಹೋಗಿದ್ದಾನೆ. ತುಂಡುಹಲಗೆಯನ್ನು ಬಿಚ್ಚಿ ಚೀಲಗಳ ಹಿಂದೆ ಇಡಬೇಕೆಂದು ನಮ್ಮ ಮನೆಯವರು ಎರಡು ಸಲ ಹೇಳಿದ್ದಾರೆ. ಇಡುತ್ತೇವೆಂದಿದ್ದೇವೆ, ಇನ್ನೂ ಇಟ್ಟಿಲ್ಲ.