ಲಿಂಗದ ಮೇಲಿನ ಭರವಸೆ, ನಮ್ಮ ಮೇಲಿನ ಹೊಣೆ



‘ಇರಲಿ ಬಿಡವ್ವ, ಶಿವ ನೋಡಿಕೊಳ್ಳುತ್ತಾನೆ.’ ಅನ್ಯಾಯಕ್ಕೆ ಒಳಗಾದವರಿಗೆ ನಮ್ಮ ಸಮಾಜ ಹೇಳುವ ಮೊದಲ ಮಾತು ಇದು. ಹೇಳುವವರಲ್ಲಿ ಅನುಕಂಪವೂ ಇರುತ್ತದೆ, ಜಗಳದಿಂದ ದೂರ ಉಳಿಯುವ ಜಾಣತನವೂ ಇರುತ್ತದೆ. ಕೇಳುವವರ ಪಾಲಿಗೆ ಮಾತ್ರ ಎಷ್ಟೋ ಸಲ ಅದು ಬಾಯಿಗೆ ಹಾಕಿದ ಬೀಗ.

ಇತ್ತೀಚೆಗೆ ಒಬ್ಬ ಶರಣೆ ನನಗೆ ಪತ್ರ ಬರೆದಿದ್ದಾರೆ. ಯಜಮಾನರು ಲಿಂಗೈಕ್ಯರಾಗಿ ಎರಡು ವರ್ಷವಾಯಿತು. ಅವರ ಪಾಲಿನ ಹೊಲವನ್ನು ಮೈದುನರೇ ಉಳುತ್ತಿದ್ದಾರೆ. ಪಹಣಿಯಲ್ಲಿ ಈಕೆಯ ಹೆಸರು ಸೇರಲು ಬಿಡುತ್ತಿಲ್ಲ. ಕೇಳಿದರೆ ಬೈಗುಳ. ಊರ ಹಿರಿಯರು ‘ಲಿಂಗಪೂಜೆ ಬಿಡಬೇಡ, ಅವನೇ ಕಾಯುತ್ತಾನೆ’ ಎಂದು ಸಮಾಧಾನ ಹೇಳಿ ಕಳಿಸುತ್ತಾರಂತೆ. ಪತ್ರದ ಕೊನೆಗೆ ಒಂದೇ ಪ್ರಶ್ನೆ: ‘ನಾನು ಕೋರ್ಟಿಗೆ ಹೋದರೆ ಲಿಂಗದ ಮೇಲೆ ನಂಬಿಕೆ ಇಲ್ಲವೆಂದು ಆಗುತ್ತದೆಯೇ?’

ಈ ಪ್ರಶ್ನೆ ಅವರೊಬ್ಬರದಲ್ಲ. ಆದ್ದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ದೇವರು ಕಾಯುವುದೆಂದರೆ ಮೈಗೆ ಪೆಟ್ಟು ಬೀಳದಂತೆ ತಡೆಯುವುದು ಎಂದಾದರೆ, ಕಲ್ಯಾಣದ ಕಥೆಯನ್ನು ನಾವು ಹೇಗೆ ಓದಬೇಕು? ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತೆಂಬ ಕಾರಣಕ್ಕೆ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರ ನಂಬಿಕೆ ನಮ್ಮ ನಂಬಿಕೆಗಿಂತ ಕಡಿಮೆಯದಾಗಿತ್ತೇ? ಇಷ್ಟಲಿಂಗ ಕಷ್ಟ ಬಾರದಿರಲೆಂದು ಕಟ್ಟಿಕೊಂಡ ತಾಯಿತವಲ್ಲ, ಅರಿವಿನ ಕುರುಹು. ಕಷ್ಟ ಬಂದಾಗ ನಾವು ಯಾರೆಂಬುದನ್ನು ಮರೆಯದಂತೆ ಕಾಯುವುದು ಅದರ ಕೆಲಸ. ಹರಳಯ್ಯನವರು ಅಂಜಿ ತಮ್ಮ ನಿಲುವು ಬಿಡಲಿಲ್ಲ. ಕಲ್ಯಾಣ ಬಿಟ್ಟ ಶರಣರು ಚನ್ನಬಸವಣ್ಣನವರೊಡನೆ ಉಳವಿಯತ್ತ ನಡೆದಾಗ ಮನೆಮಾರು ಹೋಯಿತು, ವಚನದ ಕಟ್ಟುಗಳು ಉಳಿದವು. ಕಾಯುವವನು ಕಾಯ್ದದ್ದು ಅದನ್ನು. ಹೊತ್ತು ನಡೆದದ್ದು ಮಾತ್ರ ಶರಣರ ಹೆಗಲೇ.

ಅಕ್ಕಮಹಾದೇವಿಯವರನ್ನೂ ನೆನೆಯೋಣ. ಚೆನ್ನಮಲ್ಲಿಕಾರ್ಜುನನ ಮೇಲೆ ಅಷ್ಟು ಭರವಸೆ ಇಟ್ಟವರು ಕೌಶಿಕನ ಅರಮನೆಯಲ್ಲೇ ಕುಳಿತು ಸಹಿಸಿಕೊಳ್ಳಲಿಲ್ಲ. ಆ ಭರವಸೆಯೇ ಅವರನ್ನು ಹೊಸ್ತಿಲು ದಾಟಿಸಿತು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆಸಿತು.

ನಮ್ಮ ಧರ್ಮದಲ್ಲಿ ಅಷ್ಟಾವರಣ ಇರುವಂತೆ ಪಂಚಾಚಾರವೂ ಇದೆ. ಆವರಣವೆಂದರೆ ಕವಚ, ಆಚಾರವೆಂದರೆ ನಡೆ. ಕವಚ ತೊಟ್ಟು ಮನೆಯೊಳಗೆ ಕೂರಲು ಯಾರೂ ಹೇಳಲಿಲ್ಲ. ಐದು ಆಚಾರಗಳಲ್ಲಿ ಗಣಾಚಾರವೂ ಒಂದು: ಅನ್ಯಾಯವನ್ನು ಕಂಡು ಸುಮ್ಮನಿರದೆ ಎದುರು ನಿಲ್ಲುವುದು. ಅದರ ಜೊತೆಗೇ ಭೃತ್ಯಾಚಾರವನ್ನು ಇಟ್ಟಿದ್ದಾರೆ: ಎಲ್ಲರಿಗಿಂತ ಕಿರಿಯನೆಂಬ ವಿನಯ. ಎದುರು ನಿಲ್ಲಬೇಕು, ಆದರೆ ದ್ವೇಷ ಮನೆಮಾಡಬಾರದು. ಪಹಣಿಗಾಗಿ ಹೋರಾಡುತ್ತಲೇ ಮೈದುನರ ಮಕ್ಕಳಿಗೆ ಕೇಡು ಬಯಸದಿರುವುದು ಸುಲಭವಲ್ಲ. ಲಿಂಗದ ಮುಂದೆ ಕುಳಿತು ಬೇಡಬೇಕಾದ ಬಲ ಅದೇ.

ಆದ್ದರಿಂದ ಆ ತಾಯಿಗೆ ನನ್ನ ಉತ್ತರ: ಪೂಜೆ ಮುಗಿಸಿ ಕೋರ್ಟಿಗೆ ಹೋಗಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವೀರಶೈವ, ಲಿಂಗಾಯತರಿಗೂ ಅನ್ವಯವೆಂದು ಹೆಸರು ಹಿಡಿದೇ ಹೇಳುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿ ಮಕ್ಕಳೊಂದಿಗೆ ಮೊದಲ ವರ್ಗದ ವಾರಸುದಾರಳು. ಪೌತಿ ಖಾತೆಗೆ ಅರ್ಜಿ ಕೊಡುವುದು ನಿಮ್ಮ ಹಕ್ಕು. ವಕೀಲರ ಫೀಜಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ. ಬೈಗುಳ ಹೊಡೆತಕ್ಕೆ ತಿರುಗಿದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಇನ್ನು ಒಂದು ಮಾತು ನಮಗೆಲ್ಲ. ಆ ಮೈದುನರೂ ಹಣೆಗೆ ವಿಭೂತಿ ಧರಿಸುವವರೇ. ನಾವು ಶೋಷಣೆಗೆ ಒಳಗಾದವರ ಚರಿತ್ರೆಯನ್ನು ವೇದಿಕೆಯ ಮೇಲೆ ಹೇಳುತ್ತೇವೆ. ಹರಳಯ್ಯನವರ ಕುಲದವರನ್ನು ಇಂದಿಗೂ ಹೊಸ್ತಿಲಾಚೆ ನಿಲ್ಲಿಸುವ ಮನೆಗಳು ನಮ್ಮಲ್ಲಿವೆ. ಅನ್ಯಾಯಕ್ಕೊಳಗಾದವರು ‘ಶಿವನೇ ಕಾಯಬೇಕು’ ಎಂದು ಕೈಮುಗಿದಾಗ, ಅವರು ಯಾರಿಂದ ಕಾಯಬೇಕೆಂದು ಕೇಳುತ್ತಿದ್ದಾರೆ ಎಂಬುದನ್ನೂ ನಾವು ಯೋಚಿಸಬೇಕು.

ಪೂಜ್ಯರಲ್ಲಿ ನನ್ನ ವಿನಂತಿ. ಮಠಕ್ಕೆ ಇಂಥ ದೂರು ಬಂದಾಗ ರಾಜಿ ಮಾಡಿಸುವ ಆತುರ ಬೇಡ. ಮೊದಲು ನೊಂದವರ ಮಾತನ್ನು ಪೂರ್ತಿ ಕೇಳಿ. ಶಿವಾನುಭವ ಗೋಷ್ಠಿಯ ದಿನ ಒಬ್ಬ ವಕೀಲರನ್ನೂ ಕರೆಸಿ ಒಂದು ತಾಸು ಕೂರಿಸಿ. ಅಕ್ಕನ ಬಳಗದ ತಾಯಂದಿರು ತಹಶೀಲ್ದಾರರ ಕಚೇರಿಗೆ ಜೊತೆಯಾಗಿ ಹೋಗಲಿ. ಒಂಟಿ ಹೆಣ್ಣುಮಗಳ ಅರ್ಜಿಗೂ ಐವರೊಡನೆ ಬಂದವಳ ಅರ್ಜಿಗೂ ಸಿಗುವ ಮರ್ಯಾದೆಯ ಅಂತರ ನಿಮಗೆ ಗೊತ್ತೇ ಇದೆ.

ಶಿವ ನೋಡಿಕೊಳ್ಳುತ್ತಾನೆಂಬುದರಲ್ಲಿ ನನಗೆ ಸಂಶಯವಿಲ್ಲ. ಜಂಗಮವೂ ಅವನದೇ ರೂಪವೆಂದು ನಂಬಿದವರು ನಾವು. ಅವನು ನೋಡುವುದು ನಮ್ಮ ಕಣ್ಣಿನಿಂದ, ನಡೆದು ಬರುವುದು ನಮ್ಮ ಕಾಲಿನಿಂದ.



– ಸಂಪಾದಕ