ನಿರ್ಮಾಪಕ ಎರಿಕ್ ಪೊಮ್ಮರ್

ಚಲನಚಿತ್ರವೆಂದರೆ ನಮಗೆ ನಟರು ನೆನಪಾಗುತ್ತಾರೆ, ಹೆಚ್ಚೆಂದರೆ ನಿರ್ದೇಶಕರು. ನಿರ್ಮಾಪಕನನ್ನು ನಾವು ಹಣದ ಥೈಲಿ ಹಿಡಿದವನೆಂದಷ್ಟೇ ತಿಳಿಯುತ್ತೇವೆ. ಈ ತಿಳಿವಳಿಕೆ ತಪ್ಪೆಂಬುದು ನನ್ನ ಅಭಿಪ್ರಾಯ. ಜರ್ಮನಿಯ ಎರಿಕ್ ಪೊಮ್ಮರ್ ಅದಕ್ಕೆ ಸಾಕ್ಷಿ.

1889ರಲ್ಲಿ ಹಿಲ್ಡೆಸ್‌ಹೈಮ್‌ನಲ್ಲಿ ಹುಟ್ಟಿದ ಈ ಯಹೂದಿ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿ ಗಾಯಗೊಂಡವನು. 1920ರ 'ಡಾಕ್ಟರ್ ಕ್ಯಾಲಿಗರಿ' ಅವನ ಸಂಸ್ಥೆಯಿಂದಲೇ ಬಂದಿತು. ಮುಂದೆ ಉಫಾ ಕಂಪನಿಯಲ್ಲಿ ಫ್ರಿಟ್ಜ್ ಲಾಂಗ್‌ನ 'ನಿಬೆಲುಂಗೆನ್', ಮುರ್ನೌನ 'ಕೊನೆಯ ಮನುಷ್ಯ', ಹಣವನ್ನು ನೀರಿನಂತೆ ಕುಡಿದ 'ಮೆಟ್ರೊಪೊಲಿಸ್', 1930ರಲ್ಲಿ ಮಾರ್ಲೀನ್ ಡೀಟ್ರಿಚ್‌ಳನ್ನು ಜಗತ್ತಿಗೆ ಪರಿಚಯಿಸಿದ 'ನೀಲಿ ದೇವತೆ' ಇವೆಲ್ಲಕ್ಕೂ ಅವನೇ ನಿರ್ಮಾಪಕ. ಇಷ್ಟು ಭಿನ್ನ ಸ್ವಭಾವದ ಪ್ರತಿಭೆಗಳನ್ನು ನಂಬಿ, ಅವರಿಗೆ ಅವಕಾಶ ಕಲ್ಪಿಸುವುದು ಸಾಮಾನ್ಯರ ಕೆಲಸವಲ್ಲ. (ತಾತಗುಣಿಯ ತೋಟದಲ್ಲಿ ನೆಲೆಸಿದ್ದ ನಮ್ಮ ದೇವಿಕಾ ರಾಣಿಯವರೂ ಬರ್ಲಿನ್ನಿನ ಉಫಾದಲ್ಲಿ ಕಲಿತವರೇ.)

ನನ್ನನ್ನು ಕಾಡುವುದು 1933ರ ಎರಡು ದಿನಗಳು. ಮಾರ್ಚ್ 28ರಂದು ಗೊಬೆಲ್ಸ್ ಚಿತ್ರೋದ್ಯಮದವರನ್ನು ಸೇರಿಸಿ ಭಾಷಣ ಮಾಡಿದ. ಮಾದರಿಯೆಂದು ಹೊಗಳಿದ ಚಿತ್ರಗಳಲ್ಲಿ 'ನಿಬೆಲುಂಗೆನ್' ಒಂದು. ಮರುದಿನವೇ ಉಫಾದ ಆಡಳಿತ ಮಂಡಳಿ ಸಭೆ ಸೇರಿ, ಯಹೂದಿಗಳನ್ನು ಕೆಲಸದಿಂದ ತೆಗೆಯಲು ತೀರ್ಮಾನಿಸಿತು. ಅವರಲ್ಲಿ ಆ ಚಿತ್ರದ ನಿರ್ಮಾಪಕನೂ ಇದ್ದ! ಹಾಗೆ ಮಾಡಬೇಕೆಂಬ ಕಾನೂನು ಆಗ ಇರಲಿಲ್ಲ. ಸರ್ಕಾರಿ ನೌಕರರನ್ನು ಕುರಿತ ಶಾಸನ ಕೂಡ ಹೊರಬಿದ್ದದ್ದು ಏಪ್ರಿಲ್ 7ರಂದು.

ನನ್ನ ಹಳೆಯ ವಿದ್ಯಾರ್ಥಿಗಳೇ, ಹಿಟ್ಲರನ ಏಳಿಗೆಗೆ ಕಾರಣಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದವನು ನಾನು. ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ನಿರುದ್ಯೋಗ ಎಂದು ಕಪ್ಪುಹಲಗೆಯ ಮೇಲೆ ಅಂಕೆ ಹಾಕಿ ಬರೆಯುತ್ತಿದ್ದೆ. ಯಾರೂ ಕೇಳುವ ಮೊದಲೇ ತಲೆಬಾಗಿದ ಸುಶಿಕ್ಷಿತ ಸಜ್ಜನರ ಆ ಸಭೆಯನ್ನು ಒಮ್ಮೆಯೂ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ ಎಂಬುದು ಸಬೂಬಾದೀತು, ಸಮರ್ಥನೆಯಾಗದು.

ಪೊಮ್ಮರ್ ಪ್ಯಾರಿಸ್‌ಗೆ ಹೋದ, ಅಲ್ಲಿ ಲಾಂಗ್‌ನೊಡನೆ 'ಲಿಲಿಯೊಮ್' ತೆಗೆದ. ಲಂಡನ್ನಿನಲ್ಲಿ ಚಾರ್ಲ್ಸ್ ಲಾಟನ್ ಜೊತೆ ಸಂಸ್ಥೆ ಕಟ್ಟಿದ. ಕೊನೆಗೆ ಅಮೆರಿಕ ಸೇರಿದ. 1946ರಲ್ಲಿ ಅವನು ಮತ್ತೆ ಜರ್ಮನಿಗೆ ಬಂದ. ಈ ಸಲ ಅಮೆರಿಕದ ಸೇನಾಡಳಿತದ ಚಲನಚಿತ್ರಾಧಿಕಾರಿಯಾಗಿ. ಚಿತ್ರ ತೆಗೆಯಬಯಸುವ ಜರ್ಮನ್ನರು ಅನುಮತಿಗಾಗಿ ಬರಬೇಕಾದದ್ದು ಅವನ ಕಚೇರಿಗೆ.